ದ್ರಾಕ್ಷಾರಸ ಹುಳಿಯಾಗುವುದೇಕೆ? – ಲೂಯಿ ಪಾಶ್ಚರ್ ಅವರ ಬದುಕು

ಒಂದು ತಪ್ಪೊಪ್ಪಿಗೆಯಿಂದಲೇ ಆರಂಭಿಸುತ್ತೇನೆ.

ಕಳೆದ ವರ್ಷದ ಮೇ ತಿಂಗಳು. ಉಪದೇಶಿ ತಾತನಿಗೆ ಮೈ ಹುಷಾರಿಲ್ಲದೆ ಮೂರು ವಾರ ಸ್ಯಾಕ್ರಿಸ್ಟಿಯ ಕೆಲಸ ನನ್ನ ಪಾಲಿಗೆ ಬಂದಿತ್ತು. ಪೂಜಾವಸ್ತ್ರ ತೆಗೆದಿಡುವುದು, ಮೇಣದಬತ್ತಿ ಹಚ್ಚುವುದು, ಓಸ್ತಿ ಮತ್ತು ದ್ರಾಕ್ಷಾರಸ ಸಿದ್ಧಮಾಡುವುದು ಇಷ್ಟೇ ತಾನೇ ಎಂದುಕೊಂಡಿದ್ದೆ. ಎರಡನೆಯ ಭಾನುವಾರ ಕನ್ನಡ ಪೂಜೆಗೆ ಐದು ನಿಮಿಷ ಇರುವಾಗ ಫಾದರ್ ಪುಟ್ಟ ಗಾಜಿನ ಕುಪ್ಪಿಯನ್ನು ಎತ್ತಿ ಮೂಸಿ ನೋಡಿದರು. ಮುಖ ಸಣ್ಣಗೆ ಮಾಡಿ ಕೆಳಗಿಟ್ಟರು. ಅರ್ಧ ಖಾಲಿಯಾಗಿದ್ದ ಸೀಸೆಯ ಬಿರಡೆಯನ್ನು ನಾನು ಹಿಂದಿನ ವಾರ ಸರಿಯಾಗಿ ಒತ್ತಿರಲಿಲ್ಲ. ನಮ್ಮ ಸೇಲಂ ಸೀಮೆಯ ಬೇಸಿಗೆ ಬೇರೆ. ಒಳಗಿದ್ದುದು ದ್ರಾಕ್ಷಾರಸವಾಗಿ ಉಳಿದಿರಲಿಲ್ಲ, ಹುಳಿಯಾಗಿತ್ತು. ಹೊಸ ಸೀಸೆಯ ಬೀರು ಬೀಗದ ಕೈ ಹುಡುಕಿ ತರುವಷ್ಟರಲ್ಲಿ ಪೂಜೆ ಹದಿನೈದು ನಿಮಿಷ ತಡ. ಮುಂದಿನ ತಮಿಳು ಪೂಜೆಗೆ ಬಂದವರೆಲ್ಲ ಹೊರಗೆ ಬಿಸಿಲಲ್ಲಿ ನಿಂತರು.

ಪೂಜೆ ಮುಗಿದ ಮೇಲೆ ಫಾದರ್ ಬೈಯಲಿಲ್ಲ. ಬಲಿಪೂಜೆಯ ದ್ರಾಕ್ಷಾರಸ ದ್ರಾಕ್ಷಿಹಣ್ಣಿನಿಂದಲೇ ಬಂದ ಸಹಜ ರಸವಾಗಿರಬೇಕು, ಕೆಟ್ಟಿರಬಾರದು ಎಂದು ಧರ್ಮಸಭೆಯ ಕಾನೂನು ಸಂಹಿತೆಯ 924ನೇ ವಿಧಿ ಹೇಳುತ್ತದೆ, ಅದು ಹುಳಿಯಾಗದಂತೆ ಎಚ್ಚರ ವಹಿಸಬೇಕೆಂದು ಪೂಜಾವಿಧಿಯ ಸೂಚನೆಗಳಲ್ಲೂ ಇದೆ ಎಂದು ತಿಳಿಸಿದರು. ಆಮೇಲೆ ನಗುತ್ತಾ, ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ್ದೀಯಲ್ಲ, ಇದು ಏಕೆ ಹುಳಿಯಾಯಿತು ಹೇಳು ಎಂದರು. ಆಲ್ಕೋಹಾಲ್ ಗಾಳಿಯೊಂದಿಗೆ ಸೇರಿ ಅಸಿಟಿಕ್ ಆಮ್ಲವಾಯಿತು ಎಂದೆ, ಸಮೀಕರಣವನ್ನೂ ಹೇಳಿದೆ. ಹಾಗಾದರೆ ಅದೇ ಗಾಳಿ ತಾಗಿದರೂ ಕೆಲವು ಸೀಸೆಗಳು ಹುಳಿಯಾಗದೆ ಉಳಿಯುವುದು ಹೇಗೆ ಎಂದು ಮರುಪ್ರಶ್ನೆ ಹಾಕಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಉತ್ತರ ಹುಡುಕುತ್ತಾ ಹೋದಾಗ ಸಿಕ್ಕವರು ಲೂಯಿ ಪಾಶ್ಚರ್. ಶಾಲೆಯಲ್ಲಿ ನಾವು ಅವರನ್ನು ಹಾಲಿನ ಜೊತೆ, ಹುಚ್ಚುನಾಯಿಯ ಲಸಿಕೆಯ ಜೊತೆ ಓದಿರುತ್ತೇವೆ. ಆದರೆ ಅವರ ಹೆಸರಿನ ಪಾಶ್ಚೀಕರಣ ಮೊದಲು ಹಾಲಿಗಾಗಿ ಹುಟ್ಟಿದ್ದಲ್ಲ, ದ್ರಾಕ್ಷಾರಸಕ್ಕಾಗಿ ಹುಟ್ಟಿದ್ದು.

ಚರ್ಮ ಹದಮಾಡುವವರ ಮಗ

ಲೂಯಿ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಕ್ರಿಸ್ಮಸ್ ಕಳೆದ ಎರಡನೆಯ ದಿನ, ಫ್ರಾನ್ಸಿನ ದೋಲ್ ಎಂಬ ಊರಿನಲ್ಲಿ. ತಂದೆ ಜಾನ್-ಜೋಸೆಫ್ ನೆಪೋಲಿಯನ್ನನ ಸೈನ್ಯದಲ್ಲಿದ್ದು ಬಂದವರು. ಆಮೇಲೆ ಚರ್ಮ ಹದಮಾಡಿ ಬದುಕಿದರು. ಮಗು ಚಿಕ್ಕದಿರುವಾಗಲೇ ಕುಟುಂಬ ಜೂರಾ ಬೆಟ್ಟಗಳ ತಪ್ಪಲಿನ ಆರ್ಬುವಾ ಎಂಬ ಪುಟ್ಟ ಊರಿಗೆ ಬಂತು. ಹೊಳೆಯ ದಂಡೆಯಲ್ಲಿ ಮನೆ, ಮನೆಯಲ್ಲೇ ಚರ್ಮದ ತೊಟ್ಟಿಗಳು, ಊರ ಸುತ್ತ ದ್ರಾಕ್ಷಿತೋಟ. ಆರ್ಬುವಾ ಇಂದಿಗೂ ದ್ರಾಕ್ಷಾರಸಕ್ಕೆ ಹೆಸರಾದ ಊರು.

ನಮ್ಮ ಕಡೆಯ ಒಂದು ಸಂಗತಿಯನ್ನು ಇಲ್ಲಿ ಸೇರಿಸುತ್ತೇನೆ. ತಮಿಳುನಾಡಿನ ಸೇಲಂ ಮತ್ತು ಮಧುರೈ ಜಿಲ್ಲೆಗಳಿಗೆ ದ್ರಾಕ್ಷಿ ಬಳ್ಳಿಯನ್ನು ತಂದು ನೆಟ್ಟವರು ಕ್ರೈಸ್ತ ಮಿಷನರಿಗಳು. ಕೃಷಿ ಗ್ರಂಥಗಳು ಕೊಡುವ ಕಾಲ 1832ರ ಸುಮಾರು. ಅಂದರೆ ನಮ್ಮ ನೆಲಕ್ಕೆ ಬಳ್ಳಿ ಬಂದಾಗ ಲೂಯಿ ಆರ್ಬುವಾದ ತೋಟಗಳ ನಡುವೆ ಓಡಾಡುತ್ತಿದ್ದ ಒಂಬತ್ತು ಹತ್ತು ವರ್ಷದ ಹುಡುಗ.

ಅವನು ಎಂಟು ವರ್ಷದವನಿದ್ದಾಗ, 1831ರಲ್ಲಿ, ಹುಚ್ಚು ಹಿಡಿದ ತೋಳವೊಂದು ಆ ಸೀಮೆಗೆ ನುಗ್ಗಿ ಹಲವರನ್ನು ಕಚ್ಚಿತು. ಕಚ್ಚಿಸಿಕೊಂಡವರ ಗಾಯವನ್ನು ಊರ ಕಮ್ಮಾರ ಕಾದ ಕಬ್ಬಿಣದಿಂದ ಸುಡುತ್ತಿದ್ದ. ಅದು ಹುಡುಗನ ಮನಸ್ಸಿನಲ್ಲಿ ಉಳಿಯಿತು.

ಓದಿನಲ್ಲಿ ಲೂಯಿ ಮಹಾ ಚುರುಕೇನಲ್ಲ. ಚಿತ್ರ ಬಿಡಿಸುವುದರಲ್ಲಿ ಕೈ ಚೆನ್ನಾಗಿತ್ತು. ಹದಿನೈದನೆಯ ವಯಸ್ಸಿನಲ್ಲಿ ಪ್ಯಾರಿಸ್ಸಿಗೆ ಓದಲು ಕಳಿಸಿದರೆ ಮನೆಯ ನೆನಪು ಕಾಡಿ ಸೊರಗಿದ. ಕೆಲವೇ ವಾರಗಳಲ್ಲಿ ತಂದೆಯೇ ಹೋಗಿ ಕರೆತಂದರು. ಊರು ಬಿಟ್ಟು ಹಾಸ್ಟೆಲ್ಲಿಗೆ ಹೋಗಿ ಒಂದು ತಿಂಗಳಲ್ಲಿ ಪೆಟ್ಟಿಗೆ ಹೊತ್ತು ಮರಳಿದ ನಮ್ಮ ತಮ್ಮ ತಂಗಿಯರು ಇದನ್ನು ನೆನಪಿಡಬೇಕು. 1842ರಲ್ಲಿ ವಿಜ್ಞಾನದ ಪರೀಕ್ಷೆ ಪಾಸಾದಾಗ ರಸಾಯನಶಾಸ್ತ್ರದಲ್ಲಿ ಅವರಿಗೆ ಸಿಕ್ಕ ದರ್ಜೆ ಸಾಧಾರಣ. ಮರುವರ್ಷ ಪ್ಯಾರಿಸ್ಸಿನ ಹೆಸರಾಂತ ಶಿಕ್ಷಕರ ಕಾಲೇಜಿಗೆ ಸೇರಿದರು. ಈ ಸಲ ಮರಳಿ ಬರಲಿಲ್ಲ.

ಹುಣಸೆಯ ಹುಳಿ, ದ್ರಾಕ್ಷಿಯ ಹುಳಿ

ಪಾಶ್ಚರ್ ಅವರ ಮೊದಲ ದೊಡ್ಡ ಶೋಧವೂ ದ್ರಾಕ್ಷಿಯಿಂದಲೇ ಬಂತು. ದ್ರಾಕ್ಷಾರಸ ತುಂಬಿಟ್ಟ ಮರದ ಪೀಪಾಯಿಯ ಒಳಗೋಡೆಗೆ ಕಾಲಕ್ರಮೇಣ ಗಟ್ಟಿಯಾದ ಹರಳು ಕಟ್ಟುತ್ತದೆ. ಅದರಿಂದ ತೆಗೆಯುವುದು ಟಾರ್ಟಾರಿಕ್ ಆಮ್ಲ. ಧರ್ಮಪುರಿ ಕಡೆಯ ನಮಗೆ ಈ ಆಮ್ಲ ಹೊಸದಲ್ಲ. ಹುಣಸೆಹಣ್ಣು ನಾಲಿಗೆಗೆ ಹುಳಿಯಾಗುವುದು ಮುಖ್ಯವಾಗಿ ಇದರಿಂದಲೇ. 1848ರಲ್ಲಿ ಪಾಶ್ಚರ್ ಈ ಆಮ್ಲದ ಒಂದು ಬಗೆಯ ಲವಣದ ಹರಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ ಅವು ಎರಡು ಜಾತಿ ಎಂದು ಕಂಡರು. ನಮ್ಮ ಎಡಗೈ ಬಲಗೈಗಳಂತೆ ಒಂದು ಇನ್ನೊಂದರ ಕನ್ನಡಿ ಬಿಂಬ. ಚಿಮಟ ಹಿಡಿದು ಒಂದೊಂದೇ ಹರಳನ್ನು ಎರಡು ಗುಡ್ಡೆಗಳಾಗಿ ಆರಿಸಿಟ್ಟರು. ಆಗ ಅವರಿಗೆ ಇಪ್ಪತ್ತೈದು ವರ್ಷ, ಹೆಚ್ಚುಕಡಿಮೆ ನನ್ನದೇ ವಯಸ್ಸು. ಅಮ್ಮ ಅಕ್ಕಿಯಲ್ಲಿ ಕಲ್ಲು ಆರಿಸುವಂತಹ ಕೆಲಸ. ಅದೇ ಕೆಲಸದಿಂದ ಅಣುಗಳ ಆಕಾರವನ್ನು ಓದುವ ಹೊಸ ಶಾಸ್ತ್ರ ಹುಟ್ಟಿತು.

1849ರಲ್ಲಿ ಮರೀ ಲೋರಾನ್ ಅವರನ್ನು ಮದುವೆಯಾದರು. ಐದು ಮಕ್ಕಳಾದವು. ಗಂಡ ಹೇಳಿದ ಟಿಪ್ಪಣಿಗಳನ್ನು ಸಂಜೆ ಕುಳಿತು ಬರೆದುಕೊಳ್ಳುತ್ತಿದ್ದವರು ಮರೀ. ಆ ಮನೆಯ ವಿಜ್ಞಾನದಲ್ಲಿ ಅರ್ಧ ಪಾಲು ಅವರದು.

ಹುದುಗಿಸುವವರು ಯಾರು?

1854ರಲ್ಲಿ ಪಾಶ್ಚರ್ ಲೀಲ್ ನಗರದ ವಿಜ್ಞಾನ ವಿಭಾಗದ ಮುಖ್ಯಸ್ಥರಾದರು. ಎರಡು ವರ್ಷದ ಬಳಿಕ ಅಲ್ಲಿಯ ಒಬ್ಬ ವಿದ್ಯಾರ್ಥಿಯ ತಂದೆ ಚಿಂತೆಯಿಂದ ಬಂದರು. ಸಕ್ಕರೆ ಬೀಟ್ ರಸದಿಂದ ಆಲ್ಕೋಹಾಲ್ ಮಾಡುವ ಕಾರ್ಖಾನೆ ಅವರದು. ಕೆಲವು ತೊಟ್ಟಿಗಳಲ್ಲಿ ರಸ ಸರಿಯಾಗಿ ಹುದುಗುತ್ತಿತ್ತು, ಕೆಲವುದರಲ್ಲಿ ಕೆಟ್ಟು ಹುಳಿಯಾಗುತ್ತಿತ್ತು. ಪಾಶ್ಚರ್ ಎರಡೂ ತೊಟ್ಟಿಗಳ ಹನಿಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟರು. ಒಳ್ಳೆಯ ತೊಟ್ಟಿಯಲ್ಲಿ ದುಂಡಗಿನ ಈಸ್ಟ್ ಕಣಗಳು ಮೊಗ್ಗೊಡೆದು ಬೆಳೆಯುತ್ತಿದ್ದವು. ಕೆಟ್ಟ ತೊಟ್ಟಿಯಲ್ಲಿ ಅವುಗಳಿಗಿಂತ ಬಹಳ ಚಿಕ್ಕದಾದ ಕಡ್ಡಿಯಂತಹ ಜೀವಿಗಳು.

ಆ ಕಾಲದ ದೊಡ್ಡ ರಸಾಯನಶಾಸ್ತ್ರಜ್ಞರು, ಜರ್ಮನಿಯ ಲೀಬಿಗ್ ಅಂಥವರು, ಹುದುಗುವುದು ಬರೀ ಕೊಳೆಯುವ ರಾಸಾಯನಿಕ ಕ್ರಿಯೆ, ಅದಕ್ಕೆ ಜೀವ ಬೇಕಿಲ್ಲ ಎಂದು ನಂಬಿದ್ದರು. ಪಾಶ್ಚರ್ 1857ರಿಂದ ಪ್ರಯೋಗದ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಬೇರೆ. ಹುದುಗುವಿಕೆ ಜೀವಿಗಳ ಕೆಲಸ, ಒಂದೊಂದು ಬಗೆಯ ಹುದುಗಿಗೂ ಅದರದೇ ಆದ ಜೀವಿ. ಹಾಲು ಮೊಸರಾಗಿಸುವುದು ಒಂದು, ರಸವನ್ನು ದ್ರಾಕ್ಷಾರಸವಾಗಿಸುವುದು ಇನ್ನೊಂದು, ದ್ರಾಕ್ಷಾರಸವನ್ನು ವಿನೆಗರ್ ಮಾಡುವುದು ಮತ್ತೊಂದು. ನನ್ನ ಸೀಸೆಗೆ ಒಳಗೆ ಬಂದದ್ದು ಬರೀ ಗಾಳಿಯಲ್ಲ, ಗಾಳಿಯಲ್ಲಿ ತೇಲಿಬಂದ ಆ ಮೂರನೆಯ ಜೀವಿ. ಫಾದರ್ ಕೇಳಿದ್ದ ಪ್ರಶ್ನೆಗೆ ಇದೇ ಉತ್ತರ. ಆಮ್ಲಜನಕ ಬೇಕು, ನಿಜ. ಆದರೆ ಆ ಕೆಲಸ ಮಾಡುವ ಬ್ಯಾಕ್ಟೀರಿಯಾ ಇಲ್ಲದಿದ್ದರೆ ನನ್ನ ಸಮೀಕರಣ ಹಾಳೆಯ ಮೇಲೆಯೇ ಉಳಿಯುತ್ತದೆ.

ರಸ ದ್ರಾಕ್ಷಾರಸವಾಗುವ ಬಗೆ

ಇಲ್ಲಿ ಸ್ವಲ್ಪ ನಿಂತು ದ್ರಾಕ್ಷಾರಸ ಹೇಗಾಗುತ್ತದೆ ಎಂದು ನೋಡೋಣ. ಕಾನಾ ಊರಿನ ಮದುವೆಯ ಶುಭಸಂದೇಶವನ್ನು ವರ್ಷವರ್ಷ ಕೇಳುವ ನಮ್ಮಲ್ಲಿ ಎಷ್ಟೋ ಮಂದಿಗೆ ಇದು ಗೊತ್ತಿರುವುದಿಲ್ಲ.

ಹಣ್ಣಾದ ದ್ರಾಕ್ಷಿಯಲ್ಲಿ ಸಕ್ಕರೆ, ಹುಳಿ, ನೀರು ಮೂರೂ ಇವೆ. ದ್ರಾಕ್ಷಾರಸಕ್ಕೆಂದೇ ಬೆಳೆಸುವ ಕ್ಯಾಬರ್ನೆ ಸೋವಿನ್ಯೋನ್, ಶಿರಾಜ್, ಶೆನಾ ಬ್ಲಾಂಕ್‌ನಂತಹ ತಳಿಗಳ ಹಣ್ಣು ಚಿಕ್ಕದು, ಬೀಜವಿರುತ್ತದೆ, ಸಕ್ಕರೆ ರಸದ ಐದನೆಯ ಒಂದು ಭಾಗಕ್ಕಿಂತಲೂ ಹೆಚ್ಚಿರುತ್ತದೆ. ಬೆಂಗಳೂರಿನ ಹತ್ತಿರ ನಂದಿಬೆಟ್ಟದ ತಪ್ಪಲಲ್ಲಿ ಇವನ್ನು ಬೆಳೆಯುತ್ತಾರೆ. ಸೇಲಂ ಮಾರುಕಟ್ಟೆಗೆ ತೇನಿ ಜಿಲ್ಲೆಯ ಕಂಬಂ ಕಣಿವೆಯಿಂದ ಬರುವ ಪನ್ನೀರ್ ದ್ರಾಕ್ಷಿ ಮಸ್ಕಟ್ ಹ್ಯಾಂಬರ್ಗ್ ಎಂಬ ತಳಿ. ಅದು ಮುಖ್ಯವಾಗಿ ತಿನ್ನುವ ಹಣ್ಣು, ಪರಿಮಳ ಹೆಚ್ಚು.

ಹಣ್ಣನ್ನು ಒಡೆದು ರಸ ಬಿಟ್ಟರೆ ಈಸ್ಟ್ ಸಕ್ಕರೆಯನ್ನು ತಿಂದು ಅದರಲ್ಲಿ ಹೆಚ್ಚುಕಡಿಮೆ ಅರ್ಧ ತೂಕವನ್ನು ಆಲ್ಕೋಹಾಲಾಗಿ, ಉಳಿದದ್ದನ್ನು ಇಂಗಾಲದ ಡೈಆಕ್ಸೈಡ್ ಅನಿಲವಾಗಿ ಬಿಡುತ್ತದೆ. ಒಂದು ಲೀಟರಿನಲ್ಲಿ ಸುಮಾರು 17 ಗ್ರಾಂ ಸಕ್ಕರೆ ಮುಗಿದರೆ ಶೇಕಡಾ 1ರಷ್ಟು ಆಲ್ಕೋಹಾಲ್ ಬರುತ್ತದೆ. ಸಾಮಾನ್ಯ ದ್ರಾಕ್ಷಾರಸದಲ್ಲಿ ಅದು 12ರಿಂದ 14ರವರೆಗೆ ಇರುತ್ತದೆ. ಅನಿಲದ ಗುಳ್ಳೆಗಳು ಏಳುವುದರಿಂದ ರಸ ಕುದಿಯುವಂತೆ ಕಾಣುತ್ತದೆ, ಮುಚ್ಚಳ ಬಿಗಿದರೆ ಪಾತ್ರೆ ಸಿಡಿಯುತ್ತದೆ. ಹೊಸ ದ್ರಾಕ್ಷಾರಸವನ್ನು ಹಳೆಯ ಚರ್ಮದ ಚೀಲಕ್ಕೆ ತುಂಬಿದರೆ ಚೀಲ ಹರಿಯುತ್ತದೆ ಎಂದು ಯೇಸುಸ್ವಾಮಿ ಹೇಳಿದ್ದು ನೆನಪಿದೆಯಲ್ಲವೇ? ಹಳೆಯ ಚರ್ಮ ಹಿಗ್ಗುವುದಿಲ್ಲ, ಅನಿಲ ತಳ್ಳುವುದನ್ನು ಬಿಡುವುದಿಲ್ಲ. ಚರ್ಮ ಹದಮಾಡುವವರ ಮನೆಯಲ್ಲಿ ಬೆಳೆದ ಹುಡುಗನೇ ಮುಂದೆ ಆ ಅನಿಲದ ಹಿಂದಿರುವ ಜೀವಿಯನ್ನು ತೋರಿಸಿಕೊಟ್ಟರು.

ಬಣ್ಣ ಬರುವುದು ಸಿಪ್ಪೆಯಿಂದ. ಬಹುತೇಕ ಕಪ್ಪು ದ್ರಾಕ್ಷಿಯ ಒಳಗಿನ ರಸಕ್ಕೆ ಬಣ್ಣವೇ ಇಲ್ಲ. ಸಿಪ್ಪೆ ಬೀಜಗಳ ಜೊತೆಗೇ ಹುದುಗಲು ಬಿಟ್ಟರೆ ಕೆಂಪು ದ್ರಾಕ್ಷಾರಸ, ಮೊದಲೇ ಹಿಂಡಿ ಸಿಪ್ಪೆ ತೆಗೆದರೆ ಬಿಳಿ. ಬಾಯಿ ಒಗರಾಗುವುದು ಸಿಪ್ಪೆ ಬೀಜಗಳ ಟ್ಯಾನಿನ್‌ನಿಂದ. ಚರ್ಮ ಹದಮಾಡಲು ಬಳಸುವ ಮರದ ತೊಗಟೆಯಲ್ಲಿರುವುದೂ ಟ್ಯಾನಿನ್ ಜಾತಿಯ ವಸ್ತುವೇ.

ಹುದುಗು ಮುಗಿದ ಮೇಲೆ ದ್ರಾಕ್ಷಾರಸವನ್ನು ಗಷ್ಟದಿಂದ ಬೇರೆ ಮಾಡಿ, ಗಾಳಿಗೆ ಜಾಗವಿಲ್ಲದಂತೆ ತುಂಬಿ ಮುಚ್ಚಿ, ತಂಪಿನಲ್ಲಿ ಇಡಬೇಕು. ಮಾಡುವಾಗ ಈಸ್ಟ್ ಬೇಕು, ಮಾಡಿದ ಮೇಲೆ ಬೇರೆ ಯಾರೂ ಬರಬಾರದು. ದ್ರಾಕ್ಷಾರಸದ ಕಷ್ಟವೆಲ್ಲ ಇಷ್ಟರಲ್ಲೇ ಇದೆ. ಧರ್ಮಪುರಿ ಕಡೆಯ ಮರ ಹತ್ತುವವರಿಗೆ ಇದು ಪಾಶ್ಚರ್‌ಗಿಂತ ಮೊದಲೇ ಗೊತ್ತಿತ್ತು. ತಾಳೆಮರದ ರಸ ಕೆಲವು ಗಂಟೆಗಳಲ್ಲೇ ಹುದುಗಿ ಕಳ್ಳಾಗುತ್ತದೆ. ಮಡಕೆಯ ಒಳಗೆ ಸುಣ್ಣ ಬಳಿದರೆ ಹುದುಗದೆ ಸಿಹಿಯಾದ ಪದನೀರಾಗಿ ಉಳಿಯುತ್ತದೆ. ಸುಣ್ಣ ತಡೆಯುವುದು ಈಸ್ಟನ್ನೇ. ಏಕೆ ತಡೆಯುತ್ತದೆಂಬುದಕ್ಕೆ ಕಾರಣ ಕೊಟ್ಟದ್ದು ಪಾಶ್ಚರ್ ದಾರಿಯ ವಿಜ್ಞಾನ.

ಆರ್ಬುವಾದ ಪ್ರಯೋಗಶಾಲೆ, ಮನೆಯ ದುಃಖ

1860ರ ಸುಮಾರಿಗೆ ಫ್ರಾನ್ಸಿನ ದ್ರಾಕ್ಷಾರಸ ಹೊರದೇಶಗಳಿಗೆ ಹೆಚ್ಚಾಗಿ ಹೋಗತೊಡಗಿತು. ಹೋದ ಸೀಸೆಗಳು ದಾರಿಯಲ್ಲಿ ಹುಳಿಯಾಗುತ್ತವೆ, ಕಹಿಯಾಗುತ್ತವೆ, ಎಣ್ಣೆಯಂತೆ ನೂಲೆಳೆಯುತ್ತವೆ ಎಂದು ದೂರುಗಳು ಬಂದವು. 1863ರಲ್ಲಿ ಚಕ್ರವರ್ತಿ ಮೂರನೆಯ ನೆಪೋಲಿಯನ್ ಇದರ ಕಾರಣ ಹುಡುಕುವಂತೆ ಪಾಶ್ಚರ್ ಅವರನ್ನು ಕೇಳಿಕೊಂಡರು.

ಅವರು ಹೋದದ್ದು ತಮ್ಮ ಊರಿಗೇ. ಆರ್ಬುವಾದಲ್ಲಿ ಒಂದು ಹಳೆಯ ಕಾಫಿ ಅಂಗಡಿಯ ಕೋಣೆಯಲ್ಲಿ, ಊರ ಬಡಗಿ ಮಾಡಿಕೊಟ್ಟ ಒರಟು ಮೇಜುಗಳ ಮೇಲೆ, ಶಿಷ್ಯರ ಜೊತೆ ಪ್ರಯೋಗಶಾಲೆ ಕಟ್ಟಿಕೊಂಡರು. ಬಾಲ್ಯದ ಗೆಳೆಯರು ತಮ್ಮ ನೆಲಮಾಳಿಗೆಗಳಿಂದ ಕೆಟ್ಟ ಸೀಸೆಗಳನ್ನು ತಂದುಕೊಟ್ಟರು. ರುಚಿ ನೋಡುವವರು ನಾಲಿಗೆಯಿಂದ ಹೇಳುವ ದೋಷವನ್ನು ಪಾಶ್ಚರ್ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಹೇಳಬಲ್ಲವರಾದರು. ಒಂದೊಂದು ರೋಗಕ್ಕೂ ಅದರದೇ ಸೂಕ್ಷ್ಮಜೀವಿ ಇತ್ತು.

ಮದ್ದು ಸರಳ. ಮುಚ್ಚಿದ ಸೀಸೆಯನ್ನು 50ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗೆ ಸ್ವಲ್ಪ ಹೊತ್ತು ಬಿಸಿ ಮಾಡುವುದು. ಕುದಿಸಬಾರದು, ರುಚಿ ಹೋಗುತ್ತದೆ. ಅಷ್ಟು ಶಾಖಕ್ಕೇ ಕೆಡಿಸುವ ಜೀವಿಗಳು ಸಾಯುತ್ತವೆ. ಜನ ನಂಬಲಿಲ್ಲ, ಬಿಸಿ ಮಾಡಿದ ದ್ರಾಕ್ಷಾರಸ ಯಾರಿಗೆ ಬೇಕು ಎಂದರು. ಆಗ ನೌಕಾಪಡೆಯ ಒಂದು ಹಡಗಿನಲ್ಲಿ ಅರ್ಧ ಬಿಸಿ ಮಾಡಿದ, ಅರ್ಧ ಮಾಡದ ದ್ರಾಕ್ಷಾರಸವನ್ನು ತಿಂಗಳುಗಟ್ಟಲೆ ಸಮುದ್ರದ ಮೇಲೆ ಕಳಿಸಿದರು. ಮರಳಿ ಬಂದಾಗ ಬಿಸಿ ಮಾಡಿದ್ದು ಚೆನ್ನಾಗಿತ್ತು, ಇನ್ನೊಂದು ಹುಳಿಗೆ ತಿರುಗಿತ್ತು. 1865ರಲ್ಲಿ ಈ ವಿಧಾನಕ್ಕೆ ಹಕ್ಕುಪತ್ರ ಪಡೆದರೂ ಅದರಿಂದ ಹಣ ಮಾಡಿಕೊಳ್ಳದೆ ಎಲ್ಲರ ಬಳಕೆಗೆ ಬಿಟ್ಟರು. ಬೆಳಿಗ್ಗೆ ನಮ್ಮ ಮನೆ ಬಾಗಿಲಿಗೆ ಬರುವ ಆವಿನ್ ಹಾಲಿನ ಪಾಕೆಟ್ಟಿನ ಮೇಲೆ ಇಂದಿಗೂ ಅವರ ಹೆಸರಿನ ಆ ಪದವಿದೆ.

ಇಷ್ಟು ಓದಿದರೆ ಗೆಲುವಿನ ಕಥೆಯಂತೆ ಕಾಣುತ್ತದೆ. ಆದರೆ ಅದೇ ವರ್ಷಗಳಲ್ಲಿ ಆ ಮನೆಯಲ್ಲಿ ನಡೆದದ್ದನ್ನು ಪಕ್ಕದಲ್ಲಿಟ್ಟು ನೋಡಬೇಕು.

1859ರ ಸೆಪ್ಟೆಂಬರಿನಲ್ಲಿ, ಆರ್ಬುವಾದ ಅಜ್ಜನ ಮನೆಯಲ್ಲಿ, ಹಿರಿಯ ಮಗಳು ಝಾನ್ ವಿಷಮಶೀತ ಜ್ವರದಿಂದ ತೀರಿಕೊಂಡಳು. ಒಂಬತ್ತು ವರ್ಷ. 1865ರ ಜೂನಿನಲ್ಲಿ ತಂದೆ ತೀರಿಕೊಂಡರು. ಅದೇ ಸೆಪ್ಟೆಂಬರಿನಲ್ಲಿ ಎರಡು ವರ್ಷದ ಕೊನೆಯ ಮಗಳು ಕಮೀಯ್. 1866ರ ಮೇ ತಿಂಗಳಲ್ಲಿ ಹನ್ನೆರಡು ವರ್ಷದ ಸೆಸಿಲ್, ಅವಳಿಗೂ ವಿಷಮಶೀತ ಜ್ವರವೇ. ದ್ರಾಕ್ಷಾರಸದ ಅಧ್ಯಯನ ಕುರಿತ ಅವರ ಪುಸ್ತಕ ಅಚ್ಚಾದದ್ದು ಅದೇ 1866ರಲ್ಲಿ.

ನಾನು ಈ ಎರಡು ಪಟ್ಟಿಗಳನ್ನು ಒಂದೇ ಹಾಳೆಯಲ್ಲಿ ಬರೆದು ಬಹಳ ಹೊತ್ತು ನೋಡುತ್ತಾ ಕುಳಿತಿದ್ದೆ. ಸೀಸೆಯೊಳಗಿನ ಅದೃಶ್ಯ ಜೀವಿಯನ್ನು ಹಿಡಿದವರು ತಮ್ಮ ಮಕ್ಕಳ ಒಡಲೊಳಗಿನ ಅದೃಶ್ಯ ಜೀವಿಯ ಮುಂದೆ ಕೈಕಟ್ಟಿ ನಿಂತಿದ್ದರು. ವಿಷಮಶೀತ ಜ್ವರವೂ ಒಂದು ಬ್ಯಾಕ್ಟೀರಿಯಾದ ಕೆಲಸ, ಕೊಳಕು ನೀರಿನಿಂದ ಬರುತ್ತದೆ ಎಂದು ಇಂದು ಶಾಲಾ ಮಕ್ಕಳಿಗೂ ಗೊತ್ತು. ಆಗ ಆ ಬ್ಯಾಕ್ಟೀರಿಯಾವನ್ನು ಯಾರೂ ಕಂಡಿರಲಿಲ್ಲ. ದ್ರಾಕ್ಷಾರಸಕ್ಕೆ ರೋಗ ತರುವ ಜೀವಿಗಳಿರುವುದಾದರೆ ಮನುಷ್ಯರಿಗೂ ಇರಬಾರದೇಕೆ ಎಂಬ ಕಡೆಗೆ ಅವರ ಕೆಲಸ ತಿರುಗಿತು. ಮಕ್ಕಳನ್ನು ಕಳೆದುಕೊಂಡ ತಂದೆಗೆ ಅದು ಬರೀ ವಿಜ್ಞಾನದ ಪ್ರಶ್ನೆಯಾಗಿರಲು ಸಾಧ್ಯವಿಲ್ಲ.

1865ರಿಂದ ಫ್ರಾನ್ಸಿನ ದಕ್ಷಿಣದಲ್ಲಿ ರೇಷ್ಮೆಹುಳುಗಳ ರೋಗದ ಹಿಂದೆ ಬಿದ್ದರು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಆ ಮೊಟ್ಟೆಗಳನ್ನು ಸುಡಬೇಕೆಂಬ ಪದ್ಧತಿ ತಂದರು. ಇಂದು ಧರ್ಮಪುರಿಯ ಗೂಡಿನ ಮಾರುಕಟ್ಟೆಗೆ ಗೂಡು ತರುವ ನಮ್ಮ ರೈತರು ರೋಗವಿಲ್ಲದ ಮೊಟ್ಟೆ ಕೊಳ್ಳುವಾಗ ಅದರ ಹಿಂದಿರುವುದು ಈ ತಾಯಿ ಚಿಟ್ಟೆ ಪರೀಕ್ಷೆಯೇ. 1868ರ ಅಕ್ಟೋಬರಿನಲ್ಲಿ, ನಲವತ್ತೈದನೆಯ ವಯಸ್ಸಿನಲ್ಲಿ, ಪಾರ್ಶ್ವವಾಯು ಬಡಿದು ದೇಹದ ಎಡಭಾಗ ಬಿದ್ದುಹೋಯಿತು. ಎಡಗೈ, ಎಡಗಾಲು ಕೊನೆಯವರೆಗೂ ಪೂರ್ತಿ ಸರಿಹೋಗಲಿಲ್ಲ. ಅವರ ಹೆಸರು ಲೋಕವೆಲ್ಲ ಹರಡಿದ ಕೆಲಸಗಳಲ್ಲಿ ಹೆಚ್ಚಿನವು ಇದಾದ ನಂತರದವು.

ಹತ್ತಿ ಸುತ್ತಿದ ಗೊಂಚಲು

ಈಸ್ಟ್ ದ್ರಾಕ್ಷಿಯ ಒಳಗಿನಿಂದಲೇ ಹುಟ್ಟುತ್ತದೆಯೋ, ಹೊರಗಿನಿಂದ ಬರುತ್ತದೆಯೋ ಎಂಬ ವಿವಾದ 1878ರಲ್ಲಿ ಮತ್ತೆ ಎದ್ದಿತು. ಹೆಸರಾಂತ ವಿಜ್ಞಾನಿ ಕ್ಲೋದ್ ಬೆರ್ನಾರ್ ತೀರಿಕೊಂಡ ಮೇಲೆ ಅವರ ಟಿಪ್ಪಣಿಗಳು ಅಚ್ಚಾದವು. ಜೀವವಿಲ್ಲದೆಯೂ ರಸ ಹುದುಗಬಲ್ಲದು ಎಂಬ ವಾದ ಅದರಲ್ಲಿತ್ತು. ಬೆರ್ನಾರ್ ಪಾಶ್ಚರ್ ಅವರಿಗೆ ಗೆಳೆಯರೂ ಆಗಿದ್ದರು. ತೀರಿಕೊಂಡ ಗೆಳೆಯನ ವಿರುದ್ಧ ಮಾತಿನಲ್ಲಿ ಹೇಗೆ ವಾದಿಸುವುದು? ಪಾಶ್ಚರ್ ಮತ್ತೆ ಊರಿಗೆ ಹೋದರು.

ಆರ್ಬುವಾದ ಹತ್ತಿರ ಅವರದೊಂದು ಚಿಕ್ಕ ದ್ರಾಕ್ಷಿತೋಟವಿತ್ತು. ಬೇಸಿಗೆಯಲ್ಲಿ, ಕಾಯಿ ಇನ್ನೂ ಹಸಿರಾಗಿರುವಾಗಲೇ, ಕೆಲವು ಬಳ್ಳಿಗಳ ಮೇಲೆ ಗಾಜಿನ ಮನೆ ಕಟ್ಟಿಸಿದರು. ಒಳಗಿನ ಕೆಲವು ಗೊಂಚಲುಗಳಿಗೆ ಶಾಖ ಕೊಟ್ಟು ಶುದ್ಧಮಾಡಿದ ಹತ್ತಿಯನ್ನೂ ಸುತ್ತಿದರು. ಅಕ್ಟೋಬರಿನಲ್ಲಿ ಹಣ್ಣಾಯಿತು. ಹೊರಗಿನ ಹಣ್ಣು ಜಜ್ಜಿದರೆ ಎಂದಿನಂತೆ ಹುದುಗಿತು. ಹತ್ತಿ ಸುತ್ತಿದ ಹಣ್ಣು ಎಷ್ಟು ದಿನವಾದರೂ ಹುದುಗಲಿಲ್ಲ. ಹತ್ತಿ ಬಿಚ್ಚಿ ಹೊರಗಿನ ಬಳ್ಳಿಗೆ ತೂಗುಹಾಕಿದ ಗೊಂಚಲುಗಳು ಆಮೇಲೆ ಹುದುಗುವ ಶಕ್ತಿ ಪಡೆದವು. ಉಳಿದ ಗೊಂಚಲುಗಳನ್ನು ಪ್ಯಾರಿಸ್ಸಿನ ಪಂಡಿತರಿಗೆ ತೋರಿಸಲು ರೈಲಿನಲ್ಲಿ ಒಯ್ದಾಗ ಹತ್ತಿ ಜರುಗದಂತೆ ದಾರಿಯುದ್ದಕ್ಕೂ ನೆಟ್ಟಗೆ ಹಿಡಿದು ಕುಳಿತವರು ಹೆಂಡತಿ ಮರೀ ಮತ್ತು ಮಗಳು.

ದ್ರಾಕ್ಷಿಯ ಮೇಲೆ ಬೂದಿಯಂತೆ ಕಾಣುವ ಬಿಳಿ ಪುಡಿಯೇ ಈಸ್ಟ್ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಅದು ಹಣ್ಣಿನ ಮೇಣ ಮಾತ್ರ. ಈಸ್ಟ್ ಹೊರಗಿನಿಂದ, ಗಾಳಿ ಮತ್ತು ಹುಳುಗಳ ಜೊತೆ ಬರುತ್ತದೆ. ಕಣಜಗಳ ಹೊಟ್ಟೆಯಲ್ಲಿ ಅದು ಚಳಿಗಾಲ ಕಳೆದು ಮರುವರ್ಷದ ಹಣ್ಣಿಗೆ ಬರುತ್ತದೆಂದು ಇಟಲಿಯ ವಿಜ್ಞಾನಿಗಳು 2012ರಲ್ಲಿ ತೋರಿಸಿದರು.

ಕೊನೆಯ ವರ್ಷಗಳು

1885ರ ಜುಲೈ 6ರಂದು ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಹುಡುಗನನ್ನು ತಾಯಿ ಪ್ಯಾರಿಸ್ಸಿಗೆ ಕರೆತಂದಳು. ಹುಚ್ಚುನಾಯಿ ಹಲವು ಕಡೆ ಕಚ್ಚಿತ್ತು. ಮೈಸ್ಟರ್‌ನದೂ ಝಾನ್ ತೀರಿಕೊಂಡಾಗಿನ ವಯಸ್ಸೇ. ಪಾಶ್ಚರ್ ವೈದ್ಯರಲ್ಲ, ಆದ್ದರಿಂದ ಸೂಜಿ ಚುಚ್ಚಿದವರು ಬೇರೆ ವೈದ್ಯರು. ಹತ್ತು ಹನ್ನೊಂದು ದಿನ ಲಸಿಕೆ ಕೊಟ್ಟರು, ಹುಡುಗ ಉಳಿದ. ಆರ್ಬುವಾದ ಕಮ್ಮಾರನ ಕಾದ ಕಬ್ಬಿಣಕ್ಕೆ ಐವತ್ತನಾಲ್ಕು ವರ್ಷಗಳ ನಂತರ ಬೇರೊಂದು ಉತ್ತರ ಸಿಕ್ಕಿತು. 1888ರಲ್ಲಿ ಪ್ಯಾರಿಸ್ಸಿನಲ್ಲಿ ಪಾಶ್ಚರ್ ಸಂಸ್ಥೆ ತೆರೆಯಿತು. ನಮ್ಮ ನೀಲಗಿರಿಯ ಕೂನೂರಿನಲ್ಲಿ 1907ರಲ್ಲಿ ಅದೇ ಹೆಸರಿನ ಸಂಸ್ಥೆ ಶುರುವಾಯಿತು.

ಪಾಶ್ಚರ್ ದಿನವೂ ಚರ್ಚಿಗೆ ಹೋಗುವ ಭಕ್ತರೇನೂ ಆಗಿರಲಿಲ್ಲ. ಪ್ರಯೋಗಶಾಲೆಯಲ್ಲಿ ಸಾಕ್ಷ್ಯವನ್ನಷ್ಟೇ ನಂಬುತ್ತಿದ್ದರು, ವಿಶ್ವಾಸವನ್ನು ಪ್ರಯೋಗದ ಜೊತೆ ಬೆರೆಸುತ್ತಿರಲಿಲ್ಲ. ಆದರೆ ತಂದೆತಾಯಿ ಕೊಟ್ಟ ಕಥೋಲಿಕ ವಿಶ್ವಾಸವನ್ನು ಬಿಟ್ಟವರಲ್ಲ. 1895ರ ಸೆಪ್ಟೆಂಬರ್ 28ರಂದು ಪ್ಯಾರಿಸ್ಸಿನ ಹತ್ತಿರ ಕಣ್ಣು ಮುಚ್ಚಿದಾಗ ಅವರ ಒಂದು ಕೈ ಮರೀಯ ಕೈಯಲ್ಲಿತ್ತು, ಇನ್ನೊಂದರಲ್ಲಿ ಶಿಲುಬೆ ಇತ್ತು ಎಂದು ಅವರ ಜೀವನಚರಿತ್ರೆ ಬರೆದ ಅಳಿಯ ದಾಖಲಿಸಿದ್ದಾರೆ. ಅಂತ್ಯಕ್ರಿಯೆಯ ಪೂಜೆ ನೋತ್ರ್ ದಾಮ್ ಮಹಾದೇವಾಲಯದಲ್ಲಿ ನಡೆಯಿತು.

ಮತ್ತೆ ನಮ್ಮ ಸ್ಯಾಕ್ರಿಸ್ಟಿಗೆ

ಓದುಗರಲ್ಲಿ ಕೆಲವರು ಕೇಳಬಹುದು: ಕುಡಿತದಿಂದ ಮನೆಗಳು ಹಾಳಾಗುತ್ತಿರುವ ನಮ್ಮ ಜಿಲ್ಲೆಗಳಲ್ಲಿ ಯುವಜನ ಸಂಯೋಜಕರು ದ್ರಾಕ್ಷಾರಸದ ಬಗ್ಗೆ ಬರೆಯಬೇಕೇ? ಪ್ರಶ್ನೆ ನ್ಯಾಯವಾದದ್ದೇ. ಪಾಶ್ಚರ್ ಕಾಲದಲ್ಲಿ ನೀರಿಗಿಂತ ದ್ರಾಕ್ಷಾರಸ ಕ್ಷೇಮ ಎಂಬ ಅಭಿಪ್ರಾಯವಿತ್ತು, ಅವರದೂ ಅದೇ. ನೀರು ಅಷ್ಟು ಕೊಳಕಾಗಿತ್ತು. ಇಂದು ಆ ಮಾತು ನಮಗೆ ನೆಪವಾಗಬಾರದು. 2024ರ ಜೂನಿನಲ್ಲಿ ಪಕ್ಕದ ಕಳ್ಳಕುರಿಚಿಯಲ್ಲಿ ಕಳ್ಳಭಟ್ಟಿ ಕುಡಿದು 60ಕ್ಕೂ ಹೆಚ್ಚು ಮಂದಿ ಸತ್ತರು, ಹಲವರನ್ನು ಸೇಲಂ ಸರ್ಕಾರಿ ಆಸ್ಪತ್ರೆಗೆ ತಂದಿದ್ದರು. ಅದರಲ್ಲಿ ಬೆರೆತಿದ್ದದ್ದು ಮೆಥನಾಲ್. ಈಸ್ಟ್ ಮಾಡುವ ಆಲ್ಕೋಹಾಲ್ ಎಥನಾಲ್. ಕಣ್ಣಿಗೆ, ಮೂಗಿಗೆ ಎರಡರ ನಡುವೆ ಹೆಚ್ಚು ವ್ಯತ್ಯಾಸ ತಿಳಿಯದು. ಸೀಸೆಯೊಳಗೆ ಏನಿದೆ ಎಂದು ತಿಳಿಯದಿರುವುದು ಎಷ್ಟು ದುಬಾರಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನೊಂದು ಮಾತು. ಕ್ರಿಸ್ಮಸ್ಸಿಗೆ ಕೆಲವು ಕಡೆ ಸಕ್ಕರೆ, ಗೋಧಿ, ಲವಂಗ ಹಾಕಿ ಮಾಡುವ ರಸ ಪೂಜೆಗೆ ಸಲ್ಲುವುದಿಲ್ಲ. ಪೀಠದ ಮೇಲಿನದು ದ್ರಾಕ್ಷಿಯದೇ ಆಗಿರಬೇಕು, ಬೇರೇನೂ ಬೆರೆತಿರಬಾರದು. ಸೀಸೆಯ ತಳದಲ್ಲಿ ಗಾಜಿನ ಚೂರಿನಂತಹ ಹರಳು ಕಂಡರೆ ಸಾಮಾನ್ಯವಾಗಿ ಹೆದರಬೇಕಿಲ್ಲ, ಅದು ಪಾಶ್ಚರ್ ಚಿಮಟದಲ್ಲಿ ಆರಿಸಿದ ಟಾರ್ಟಾರಿಕ್ ಆಮ್ಲದ ಬಂಧು. ವಿನೆಗರ್ ವಾಸನೆ ಬಂದರೆ ಮಾತ್ರ ಕೂಡಲೇ ಗುರುಗಳಿಗೆ ತಿಳಿಸಿ.

ಈಗ ನಮ್ಮ ಸ್ಯಾಕ್ರಿಸ್ಟಿಯಲ್ಲಿ ಚಿಕ್ಕ ಸೀಸೆಗಳನ್ನೇ ತರಿಸುತ್ತೇವೆ. ತೆರೆದ ದಿನಾಂಕವನ್ನು ಚೀಟಿಯಲ್ಲಿ ಬರೆದು ಅಂಟಿಸುತ್ತೇವೆ, ಬಿರಡೆ ಒತ್ತಿ ಫ್ರಿಜ್ಜಿನಲ್ಲಿ ಇಡುತ್ತೇವೆ, ಗಾಜಿನ ಕುಪ್ಪಿಗಳನ್ನು ಪ್ರತಿ ಪೂಜೆಯ ನಂತರ ಬಿಸಿನೀರಿನಲ್ಲಿ ತೊಳೆದು ಒಣಗಿಸುತ್ತೇವೆ. ಹುಷಾರಾಗಿ ಮರಳಿ ಬಂದ ಉಪದೇಶಿ ತಾತ ಇದನ್ನೆಲ್ಲ ನೋಡಿ, ತಾನು ನಲವತ್ತು ವರ್ಷದಿಂದ ಬಿರಡೆ ಒತ್ತಿಯೇ ಇಡುತ್ತಿದ್ದೆನಲ್ಲ ಎಂದು ನಕ್ಕರು. ತಾತ ಪಾಶ್ಚರ್ ಹೆಸರನ್ನು ಕೇಳಿದವರಲ್ಲ. ಕಾಣದಿರುವುದಕ್ಕೂ ಎಚ್ಚರ ಬೇಕು ಎಂಬುದು ಅವರ ಕೈಗೆ ಗೊತ್ತಿತ್ತು. ನನಗೆ ಅದನ್ನು ಕಲಿಯಲು ಒಂದು ಸೀಸೆ ಹುಳಿಯಾಗಬೇಕಾಯಿತು.

ಮುಂದಿನ ಭಾನುವಾರ ಗುರುಗಳು ಪಾತ್ರೆಯನ್ನು ಎತ್ತುವಾಗ ಬಳ್ಳಿಯನ್ನು ನಮ್ಮ ನೆಲಕ್ಕೆ ತಂದವರನ್ನು, ಮೂರು ಹೆಣ್ಣುಮಕ್ಕಳನ್ನು ಕಳೆದುಕೊಂಡೂ ಸೂಕ್ಷ್ಮದರ್ಶಕದ ಮುಂದಿನಿಂದ ಏಳದ ಆ ತಂದೆಯನ್ನು, ಪ್ರತಿ ವಾರ ಸದ್ದಿಲ್ಲದೆ ಬಿರಡೆ ಒತ್ತಿಡುವ ಎಲ್ಲ ಉಪದೇಶಿಗಳನ್ನು ಒಂದು ಕ್ಷಣ ಪ್ರಾರ್ಥನೆಯಲ್ಲಿ ನೆನೆಯೋಣ.

– ಯುವಜನ ಸಂಯೋಜಕರು, ಕನ್ನಡ ಸಮುದಾಯ